ಗೋಡೆಯ ಕಪ್ಪು ಬೂಷ್ಟಿಗೂ ಅವ್ವನ ಕೆಮ್ಮಿಗೂ ಸಂಬಂಧ ಇದೆಯಾ?

ಸಾಧನಕೇರಿ ಮಳೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾವು ಧಾರವಾಡದಲ್ಲಿ ಹಳೇ ಮನೆಯೊಂದರಲ್ಲಿ ಬಾಡಿಗೆಗೆ ಇದ್ದೇವೆ. ಮುಂದಿನ ಭಾಗ ಹಂಚಿನದು, ಹಿಂದಿನ ರೂಮು ಆಮೇಲೆ ಸೇರಿಸಿದ ಆರ್‌ಸಿಸಿ. ಅವ್ವ ಮಲಗುವುದು ಆ ಹಿಂದಿನ ರೂಮಿನಲ್ಲೇ. ಜಿಟಿಜಿಟಿ ಮಳೆ ಹಿಡಿಯಿತು ಅಂದರೆ ಆ ರೂಮಿನ ಮೂಲೆ ಒಣಗುವುದೇ ಇಲ್ಲ. ಮೊನ್ನೆ ತಿಜೋರಿ ಸರಿಸಿ ನೋಡಿದರೆ ಹಿಂದಿನ ಗೋಡೆ ಪೂರ್ತಿ ಕಪ್ಪು, ಬೆರಳಿಟ್ಟರೆ ಕಾಡಿಗೆ ಹಾಗೆ ಅಂಟುತ್ತದೆ. ಅವ್ವ ಗಂಟು ಕಟ್ಟಿಟ್ಟಿದ್ದ ಇಳಕಲ್ ಸೀರೆಗಳ ಮೇಲೂ ಹಸಿರು ಬೂಷ್ಟು ಹಿಡಿದಿದೆ.

ಅವ್ವನಿಗೆ 64 ವರ್ಷ. ಒಂಬತ್ತು ವರ್ಷದ ಹಿಂದೆ ಟಿಬಿ ಆಗಿತ್ತು, ಆರು ತಿಂಗಳ ಗುಳಿಗೆ ತಪ್ಪದೆ ತಗೊಂಡು ಆರಾಮಾಗಿದ್ದರು. ಈಗ ಮೂರು ತಿಂಗಳಿಂದ ಕೆಮ್ಮು ಬಿಡುತ್ತಿಲ್ಲ, ತೂಕ ಇಳಿದಿದೆ, ಹೋದ ವಾರ ಕಫದಲ್ಲಿ ರಕ್ತದ ಎಳೆ ಕಂಡಿತು. ಒಂದು ಕಡೆ ತೋರಿಸಿದೆವು. ಕಫದ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂತು, ಆದರೂ ಎಕ್ಸ್‌ರೇಯಲ್ಲಿ ಕಲೆ ಇದೆ, ಮತ್ತೆ ಟಿಬಿ ಗುಳಿಗೆ ಶುರು ಮಾಡೋಣ ಅಂದರು. ಈ ನಡುವೆ ಪಕ್ಕದ ಮನೆಯವರು ಗೋಡೆ ನೋಡಿ "ಇದು ಬ್ಲ್ಯಾಕ್ ಫಂಗಸ್ ಅಲ್ವಾ, ಕೊರೊನಾ ಟೈಮಲ್ಲಿ ಬಂದಿತ್ತಲ್ಲ" ಅಂದುಬಿಟ್ಟರು. ಅವತ್ತಿನಿಂದ ಅವ್ವನಿಗೆ ನಿದ್ದೆ ಇಲ್ಲ. ಕಣ್ಣು ತೆಗೆಯುತ್ತಾರಂತೆ ಹೌದಾ ಅಂತ ರಾತ್ರಿ ಎಬ್ಬಿಸಿ ಕೇಳುತ್ತಾರೆ.

ಗೋಡೆಯ ಬೂಷ್ಟಿನಿಂದ ಎದೆಯ ರೋಗ ಬರುತ್ತದಾ? ಗೊತ್ತಿರುವವರು ಹೇಳಿ.

ನವಲೂರು ಪೇರಲ

ಅಕ್ಕಾ, ಗೋಡೆ ವಿಷಯ ಆಮೇಲೆ ನೋಡೋಣ. ಕಫದಲ್ಲಿ ರಕ್ತ ಅಂದರೆ ಮೊದಲು ಎದೆ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಧಾರವಾಡದಲ್ಲಿ ಆಗದಿದ್ದರೆ ಹುಬ್ಬಳ್ಳಿಗೆ ಹೋಗಿ. ಇವತ್ತು ಎಳೆಯಷ್ಟು ಬಂದಿದ್ದು ನಾಳೆ ಬಟ್ಟಲಷ್ಟು ಬಂದರೆ ಕಾಯುವ ಹಾಗೇ ಇಲ್ಲ, ರಾತ್ರಿಯಾದರೂ ಹೊರಡಬೇಕು.

ಲ್ಯಾಬ್ ಕಾಕಾ

ತಂಗೀ, ನಾನು ಡಾಕ್ಟರ್ ಅಲ್ಲ. ಆದರೆ ಹುಬ್ಬಳ್ಳಿಯಲ್ಲಿ 31 ವರ್ಷ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದೇನೆ, ಅದರಲ್ಲಿ ಅರ್ಧ ಆಯುಷ್ಯ ಬೂಷ್ಟು ನೋಡುವುದರಲ್ಲೇ ಹೋಗಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಅವ್ವನವರಿಗೆ ಇಷ್ಟು ಹೇಳಿ. ಗೋಡೆ ಮೇಲೆ ಕಪ್ಪಗೆ ಕಾಣುವುದು ಬೇರೆ, ಕೊರೊನಾ ಸಮಯದಲ್ಲಿ ಬ್ಲ್ಯಾಕ್ ಫಂಗಸ್ ಅಂತ ಕರೆದದ್ದು ಬೇರೆ. ಒದ್ದೆ ಗೋಡೆಯ ಕಪ್ಪು ಬಹುಮಟ್ಟಿಗೆ ಕ್ಲಾಡೋಸ್ಪೋರಿಯಂ ಇಲ್ಲವೇ ಆಸ್ಪರ್ಜಿಲ್ಲಸ್ ಜಾತಿಯ ಬೂಷ್ಟು. ಕೊರೊನಾ ನಂತರ ಬಂದದ್ದು ಮ್ಯೂಕರ್ ಗುಂಪಿನದು. ನಮ್ಮ ದೇಶದಲ್ಲಿ ಅದರಲ್ಲಿ ಜಾಸ್ತಿ ಕಾಣುವುದು ರೈಜೋಪಸ್. ಅದು ಮಣ್ಣಲ್ಲಿ, ತಿಪ್ಪೆಯಲ್ಲಿ, ಕೊಳೆತ ಹಣ್ಣಲ್ಲಿ, ಹಳಸಿದ ಬ್ರೆಡ್ಡಲ್ಲಿ ಇರುತ್ತದೆ. ಲ್ಯಾಬಿನಲ್ಲಿ ತಟ್ಟೆಗೆ ಹಾಕಿಟ್ಟರೆ ಒಂದೆರಡು ದಿನದಲ್ಲಿ ಬಾಂಬೆ ಮಿಠಾಯಿ ಹಾಗೆ ಉಬ್ಬಿ ಮುಚ್ಚಳಕ್ಕೆ ತಾಗುತ್ತದೆ, ಬಣ್ಣ ಬೂದಿ. ಕಪ್ಪು ಅದರ ಬಣ್ಣವೇ ಅಲ್ಲ. ಅದು ರಕ್ತನಾಳದ ಒಳಗೆ ಹೊಕ್ಕು ರಕ್ತ ಕಟ್ಟಿಸುತ್ತದೆ, ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ಆ ಸತ್ತ ಮಾಂಸದ ಬಣ್ಣ ನೋಡಿ ಜನ ಆ ಹೆಸರಿಟ್ಟರು. ಅದು ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ.

ಇನ್ನು ಎದೆಯ ವಿಷಯ. ಬೂಷ್ಟಿನ ಬೀಜ ಅಂದರೆ ಆ ಪುಡಿ ಇಲ್ಲದ ಗಾಳಿಯೇ ಇಲ್ಲ. ನೀನು, ನಾನು, ಎಲ್ಲರೂ ದಿನಕ್ಕೆ ನೂರಾರು ಎಳೆದುಕೊಳ್ಳುತ್ತೇವೆ. ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್ ಅನ್ನುವುದರ ಬೀಜ ಎರಡು ಮೂರು ಮೈಕ್ರಾನ್ ಅಷ್ಟೇ, ಅದಕ್ಕೆ ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಗಟ್ಟಿ ಇರುವವರ ದೇಹ ಅದನ್ನು ಅಲ್ಲೇ ತಿಂದು ಮುಗಿಸುತ್ತದೆ. ಹಾಗಾಗಿ ಬೂಷ್ಟು ಎಲ್ಲಿದೆ ಅನ್ನುವುದಕ್ಕಿಂತ ಒಳಗೆ ಬೇರು ಬಿಡಲು ಅದಕ್ಕೆ ಜಾಗ ಎಲ್ಲಿ ಸಿಕ್ಕಿತು ಅಂತ ಕೇಳಬೇಕು.

ನಿಮ್ಮ ಅವ್ವನ ಕಥೆಯಲ್ಲಿ ನನ್ನ ಕಿವಿ ನೆಟ್ಟಗಾದದ್ದು ಗೋಡೆಯ ಮಾತಿಗಲ್ಲ, ಹಳೇ ಟಿಬಿ ಮಾತಿಗೆ. ಟಿಬಿ ವಾಸಿಯಾದ ಮೇಲೂ ಕೆಲವರ ಶ್ವಾಸಕೋಶದಲ್ಲಿ ಗುಳಿ ಉಳಿದುಬಿಡುತ್ತದೆ, ಖಾಲಿ ಕೋಣೆ ಹಾಗೆ. ಅಲ್ಲಿ ಆಸ್ಪರ್ಜಿಲ್ಲಸ್ ಕೂತು ವರ್ಷಗಟ್ಟಲೆ ನಿಧಾನಕ್ಕೆ ಬೆಳೆಯಬಹುದು, ಒಮ್ಮೊಮ್ಮೆ ಉಂಡೆಯೇ ಕಟ್ಟುತ್ತದೆ. ಕೆಮ್ಮು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಎಲ್ಲವೂ ಟಿಬಿಯ ತದ್ರೂಪು. ಕಫದಲ್ಲಿ ಟಿಬಿ ಸಿಗುವುದಿಲ್ಲ, ಆದರೂ ಎಕ್ಸ್‌ರೇ ನೋಡಿ ಮತ್ತೆ ಟಿಬಿ ಗುಳಿಗೆ ಕೊಡುತ್ತಾರೆ. ಹೀಗೆ ಎರಡು ಸಲ ಮೂರು ಸಲ ಟಿಬಿ ಕೋರ್ಸ್ ಮುಗಿಸಿ ಬಂದವರ ಸ್ಲೈಡು ನಾನೇ ನೋಡಿದ್ದೇನೆ.

ಹಾಗಂತ ಅವ್ವನಿಗೆ ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಟಿಬಿ ಮರಳಿಯೂ ಬರುತ್ತದೆ, ಈ ವಯಸ್ಸಿಗೆ ಕ್ಯಾನ್ಸರ್ ಕೂಡ ನೋಡಬೇಕಾಗುತ್ತದೆ. ಗುಳಿಗೆ ಶುರು ಮಾಡುವ ಮೊದಲು ಎದೆಯ ಸಿಟಿ ಸ್ಕ್ಯಾನ್, ಕಫದ ಸಿಬಿನ್ಯಾಟ್ (ಟಿಬಿ ಕ್ರಿಮಿಯ ಜೀನ್ ಹುಡುಕುವ ಪರೀಕ್ಷೆ), ರಕ್ತದಲ್ಲಿ ಆಸ್ಪರ್ಜಿಲ್ಲಸ್ ಐಜಿಜಿ (ಆ ಬೂಷ್ಟಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ), ಈ ಮೂರರ ಬಗ್ಗೆ ಡಾಕ್ಟರನ್ನು ಬಾಯಿಬಿಟ್ಟು ಕೇಳು. ಹಿಂದಿನ ಎಕ್ಸ್‌ರೇ ಇದ್ದರೆ ತಪ್ಪದೆ ಒಯ್ಯಿ, ಹಳೆಯದು ಹೊಸದು ಪಕ್ಕಪಕ್ಕ ಇಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸಾಧನಕೇರಿ ಮಳೆ

ಕಾಕಾ, ಕಣ್ಣಲ್ಲಿ ನೀರು ಬಂತು. ಕಪ್ಪು ಅದರ ಬಣ್ಣವೇ ಅಲ್ಲ ಅನ್ನುವುದನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಹಳೇ ಎಕ್ಸ್‌ರೇ ಅಟ್ಟದ ಮೇಲೆ ಇದೆ, ಇವತ್ತೇ ಇಳಿಸುತ್ತೇನೆ. ಹುಬ್ಬಳ್ಳಿಯಲ್ಲಿ ಗುರುವಾರ ತೋರಿಸುತ್ತೇವೆ.

ಬೆಟಗೇರಿ ಮಗ್ಗ

ಬ್ಲ್ಯಾಕ್ ಫಂಗಸ್ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 2021ರ ಮೇ ತಿಂಗಳಲ್ಲಿ ನಮ್ಮ ಅಪ್ಪನಿಗೆ ಅದೇ ಆಗಿತ್ತು. ಕೊರೊನಾ ಬಂದು ಹದಿನೈದು ದಿನ ಆಗಿತ್ತು. ಶುಗರ್ ಮೊದಲೇ ಇತ್ತು. ಮನೆಯಲ್ಲೇ ಇಟ್ಟು, ಯಾರೋ ವಾಟ್ಸಾಪಲ್ಲಿ ಕಳಿಸಿದ ಚೀಟಿ ನೋಡಿ ಸ್ಟೀರಾಯ್ಡ್ ಗುಳಿಗೆ ತಂದು ಕೊಟ್ಟಿದ್ದು ನಾನೇ. ಹತ್ತು ದಿನ ಕೊಟ್ಟೆ. ಶುಗರ್ ಎಷ್ಟಿದೆ ಅಂತ ಒಂದು ದಿನವೂ ನೋಡಲಿಲ್ಲ.

ಮೊದಲು ಎಡಗೆನ್ನೆ ಜುಮ್ ಅಂತಿದೆ ಅಂದರು. ಆಮೇಲೆ ಮೇಲಿನ ಹಲ್ಲು ಅಲ್ಲಾಡುತ್ತಿದೆ ಅಂದರು, ನಾವು ಹಲ್ಲಿನ ಡಾಕ್ಟರ್ ಹುಡುಕಿದೆವು. ಮೂರನೇ ದಿನ ಎಡಗಣ್ಣು ಊದಿ ರೆಪ್ಪೆ ಇಳಿಬಿತ್ತು, ಒಂದು ಎರಡಾಗಿ ಕಾಣುತ್ತಿದೆ ಅಂದರು. ಬಾಯಿ ತೆರೆಸಿ ಟಾರ್ಚ್ ಹಾಕಿದರೆ ಅಂಗುಳದಲ್ಲಿ ಎಂಟಾಣೆ ಅಗಲದ ಕಪ್ಪು ಕಲೆ. ಗದಗಿನಿಂದ ಹುಬ್ಬಳ್ಳಿ ಕಿಮ್ಸ್ ಆಸ್ಪತ್ರೆಗೆ ಓಡಿದೆವು. ಸುತ್ತಲ ಜಿಲ್ಲೆಯವರೆಲ್ಲ ಅಲ್ಲೇ ಇದ್ದರು. ಮೂಗಿನ ಒಳಗಿಂದ ದುರ್ಬೀನು ಹಾಕಿ ಸತ್ತ ಮಾಂಸ ತೆಗೆದರು, ಮೇಲಿನ ದವಡೆಯ ಎಡಭಾಗ ಹೋಯಿತು. ಕಣ್ಣು ಉಳಿಯಿತು, ದೃಷ್ಟಿ ಮಾತ್ರ ಕಮ್ಮಿ. ಬೂಷ್ಟು ಕೊಲ್ಲುವ ಆಂಫೋಟೆರಿಸಿನ್ ಇಂಜೆಕ್ಷನ್ ಆಗ ಎಲ್ಲೂ ಸಿಗುತ್ತಿರಲಿಲ್ಲ, ಒಂದೊಂದು ಬಾಟಲಿಗೂ ಕೈಮುಗಿದು ನಿಂತಿದ್ದೇವೆ. ಆಮೇಲೆ ತಿಂಗಳುಗಟ್ಟಲೆ ಪೊಸಕೊನಜೋಲ್ ಗುಳಿಗೆ.

ಅಪ್ಪ ಇದ್ದಾರೆ. ಕೃತಕ ಅಂಗುಳ ಹಾಕಿಕೊಂಡು ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಉಣ್ಣುತ್ತಾರೆ. ಶುಗರ್ ಇರುವವರ ಮನೆಯಲ್ಲಿ ಯಾರಾದರೂ ಕೆನ್ನೆ ಜುಮ್ ಅಂತಿದೆ, ಒಂದೇ ಕಡೆ ಮೂಗು ಕಟ್ಟಿದೆ, ಹಲ್ಲು ಸಡಿಲ ಆಗಿದೆ ಅಂದರೆ ಒಂದು ದಿನವೂ ಕಾಯಬೇಡಿ. ನಮಗೆ ಆ ಮೂರು ದಿನ ಬಹಳ ತುಟ್ಟಿಯಾಯಿತು.

ಲ್ಯಾಬ್ ಕಾಕಾ

ತಮ್ಮಾ, ನಿನ್ನ ಅಪ್ಪನವರಿಗೆ ನನ್ನ ನಮಸ್ಕಾರ ಹೇಳು. ಗುಳಿಗೆ ಕೊಟ್ಟೆ ಅಂತ ಎದೆಯಲ್ಲಿ ಇಟ್ಟುಕೊಂಡಿದ್ದೀಯ. ಆ ದಿನಗಳಲ್ಲಿ ಮನೆಮನೆಯಲ್ಲಿ ಅದೇ ನಡೆದಿತ್ತು. ಆಕ್ಸಿಜನ್ ಬೇಕಾದ ರೋಗಿಗೆ ಸ್ಟೀರಾಯ್ಡ್ ಜೀವ ಉಳಿಸಿದ್ದೂ ಹೌದು. ಯಾರಿಗೆ, ಎಷ್ಟು, ಎಷ್ಟು ದಿನ ಅನ್ನುವ ಲೆಕ್ಕ ತಪ್ಪಿದಾಗಲೇ ಹಾನಿ ಆದದ್ದು.

ಶುಗರ್ ಯಾಕೆ ಇಷ್ಟು ಮುಖ್ಯ ಅಂತ ಹೇಳುತ್ತೇನೆ. ರೈಜೋಪಸ್‌ಗೆ ಸಕ್ಕರೆ ಜಾಸ್ತಿ ಇರುವ, ಹುಳಿ ಏರಿದ ರಕ್ತ ಅಂದರೆ ಹಬ್ಬದೂಟ. ಶುಗರ್ ಹತೋಟಿ ತಪ್ಪಿ ಕೀಟೋನ್ ಸೇರಿಕೊಂಡಾಗ ಬೇರೆ ಸೂಕ್ಷ್ಮಜೀವಿಗಳು ಒದ್ದಾಡುವ ಕಡೆ ಇದು ಆರಾಮಾಗಿ ಬೆಳೆಯುತ್ತದೆ, ರಕ್ತದಲ್ಲಿ ಬಿಡಿಯಾಗುವ ಕಬ್ಬಿಣವನ್ನೂ ಎಳೆದುಕೊಳ್ಳುತ್ತದೆ. ಜೊತೆಗೆ ಸ್ಟೀರಾಯ್ಡ್ ಸೇರಿದರೆ ಕಾವಲು ಕಾಯುವ ಬಿಳಿ ರಕ್ತಕಣಗಳೂ ಮಲಗಿಬಿಡುತ್ತವೆ. ಅದಕ್ಕೇ ಕೊರೊನಾಕ್ಕಿಂತ ಮೊದಲೂ ನಮ್ಮ ದೇಶದಲ್ಲಿ ಈ ರೋಗ ಬೇರೆ ಕಡೆಗಿಂತ ಜಾಸ್ತಿ ಇತ್ತು.

ಸ್ಲೈಡಿನಲ್ಲಿ ಮ್ಯೂಕರ್, ಆಸ್ಪರ್ಜಿಲ್ಲಸ್ ಎರಡನ್ನೂ ಬೇರೆ ಮಾಡುವುದು ನಮ್ಮ ಕೆಲಸ. ತೆಗೆದ ಮಾಂಸದ ಚೂರಿಗೆ ಕೆಓಎಚ್ ಅನ್ನುವ ಕ್ಷಾರದ ದ್ರಾವಣ ಒಂದು ಹನಿ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಮಾಂಸ ಕರಗಿ ತಿಳಿಯಾಗುತ್ತದೆ, ಬೂಷ್ಟಿನ ಎಳೆ ಮಾತ್ರ ಉಳಿಯುತ್ತದೆ. ಮ್ಯೂಕರ್ ಎಳೆ ಅಗಲ, ಒದ್ದೆ ರಿಬ್ಬನ್ ಹಾಗೆ ಮಡಚಿಕೊಂಡಿರುತ್ತದೆ, ಕವಲು ಹೆಚ್ಚುಕಮ್ಮಿ ನೇರ ಅಡ್ಡಕ್ಕೆ ಹೊರಡುತ್ತದೆ. ಆಸ್ಪರ್ಜಿಲ್ಲಸ್ ಎಳೆ ಸಣ್ಣದು, ಗೆಣ್ಣುಗೆಣ್ಣು ಕಾಣುತ್ತದೆ, ಕವಲು ಇಂಗ್ಲಿಷಿನ ವೈ ಅಕ್ಷರದ ಹಾಗೆ ಒಡೆಯುತ್ತದೆ. ಈ ಗುರುತು ಯಾಕೆ ಬೇಕು ಅಂದರೆ ಔಷಧಿಯೇ ಬೇರೆ. ಆಸ್ಪರ್ಜಿಲ್ಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್‌ಗೆ ನಾಟುವುದೇ ಇಲ್ಲ. 2021ರಲ್ಲಿ ರಾತ್ರಿ ಹನ್ನೊಂದಕ್ಕೂ ವಾರ್ಡಿನಿಂದ ಫೋನ್ ಬರುತ್ತಿತ್ತು, "ಯಾವುದು, ಯಾವುದು ಹೇಳಿ" ಅಂತ. ಆ ಒಂದು ಮಾತಿಗೆ ಅವರು ಕಾಯುತ್ತಿದ್ದರು.

ಗೋವಿನಜೋಳ

ನಮಸ್ಕಾರ ಕಾಕಾರ. ನಾನು ಹಾವೇರಿ ಕಡೆಯ ರೈತ. ಬೂಷ್ಟು ಕಣ್ಣಿಗೂ ಬರುತ್ತದೆ ಅಂತ ನನಗೆ ನಾಲ್ಕು ವರ್ಷದ ಹಿಂದೆ ಗೊತ್ತಾಯಿತು. ಗೋವಿನಜೋಳ ಮುರಿಯುವಾಗ ರವದಿ ಎಲೆಯ ಅಂಚು ಬಲಗಣ್ಣಿಗೆ ಗೀರಿತು. ನೀರು ಬಂತು, ಉರಿ ಆಯಿತು, ಅಷ್ಟೇ ಅಂದುಕೊಂಡೆ. ಹಿರಿಯರೊಬ್ಬರು ಹರಳೆಣ್ಣೆ ಬಿಟ್ಟರು, ಇನ್ನೊಬ್ಬರು ನಾಲಿಗೆಯಿಂದ ಕಸ ತೆಗೆದರು. ಕೆಂಪು ಇಳಿಯಲಿಲ್ಲ ಅಂತ ಪೇಟೆಯ ಔಷಧಿ ಅಂಗಡಿಯಲ್ಲಿ ಒಂದು ಡ್ರಾಪ್ಸ್ ಕೊಟ್ಟರು. ಹಾಕಿದ ಎರಡು ದಿನ ಕೆಂಪು ಕಮ್ಮಿ, ನೋವು ಕಮ್ಮಿ. ನಾನು ಮತ್ತೆ ಹೊಲಕ್ಕೆ ಹೋದೆ. ಎಂಟನೇ ದಿನಕ್ಕೆ ಕಪ್ಪುಗುಡ್ಡೆಯ ಮೇಲೆ ಬಿಳಿ ಹೂವು ಎದ್ದಿತ್ತು, ಬೆಳಕು ನೋಡಿದರೆ ತಲೆ ಸೀಳುವ ಹಾಗೆ ನೋವು.

ಹುಬ್ಬಳ್ಳಿಯಲ್ಲಿ ಕಣ್ಣಿನ ಡಾಕ್ಟರು ಮೊದಲು ಕೇಳಿದ್ದೇ "ಏನು ಡ್ರಾಪ್ಸ್ ಹಾಕಿದ್ದೀರಿ, ಬಾಟಲಿ ತಂದಿದ್ದೀರಾ" ಅಂತ. ಅದು ಸ್ಟೀರಾಯ್ಡ್ ಡ್ರಾಪ್ಸ್. ಗುಡ್ಡೆ ಕೆರೆದು ಸ್ಲೈಡ್ ಮಾಡಿ ಫಂಗಸ್ ಅಂದರು. ನಟಮೈಸಿನ್ ಅನ್ನುವ ಹಾಲಿನ ಬಣ್ಣದ ಡ್ರಾಪ್ಸ್ ತಾಸಿಗೊಮ್ಮೆ, ರಾತ್ರಿಯೂ ಎದ್ದು ಹಾಕಬೇಕು. ನನ್ನ ಹೆಂಡತಿ ಮೊಬೈಲಲ್ಲಿ ಅಲಾರಾಂ ಇಟ್ಟುಕೊಂಡು ಇಪ್ಪತ್ತು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಎರಡೂವರೆ ತಿಂಗಳು ಹಿಡಿಯಿತು. ಈಗ ಬಲಗಣ್ಣಿಗೆ ಮಂಜು ಮಂಜು, ಗುಡ್ಡೆ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಕಲೆ ಉಳಿದಿದೆ. ಮುಂದೆ ಕಪ್ಪುಗುಡ್ಡೆಯ ಪೊರೆ (ಕಾರ್ನಿಯಾ) ಬದಲಾಯಿಸುವ ಆಪರೇಷನ್ ಬೇಕಾಗಬಹುದು ಅಂದಿದ್ದಾರೆ.

ಹಾನಗಲ್ ಭತ್ತ

ಅಣ್ಣಾರ, ನಮ್ಮ ಕಡೆ ಭತ್ತ ಬಡಿಯುವಾಗ ಇದು ಪ್ರತಿ ವರ್ಷ ಆಗುತ್ತದೆ. ಆದರೆ ಅಂಗಡಿ ಡ್ರಾಪ್ಸ್‌ನಿಂದ ಎಷ್ಟೋ ಜನಕ್ಕೆ ವಾಸಿನೂ ಆಗಿದೆ. ನನಗೇ ಎರಡು ಸಲ ಆಗಿದೆ. ಎಲ್ಲದಕ್ಕೂ ಹುಬ್ಬಳ್ಳಿಗೆ ಓಡಲು ಆಗುತ್ತಾ? ಸುಗ್ಗಿಯಲ್ಲಿ ಒಂದು ದಿನದ ಕೂಲಿ ಬಿಟ್ಟರೆ ಎಷ್ಟು ನಷ್ಟ ನಿಮಗೂ ಗೊತ್ತು.

ಲ್ಯಾಬ್ ಕಾಕಾ

ನಿನಗೆ ವಾಸಿಯಾದ ಎರಡು ಸಲವೂ ಗೀರಿನ ಒಳಗೆ ಬೂಷ್ಟು ಇಳಿದಿರಲಿಕ್ಕಿಲ್ಲ, ಗಾಯ ತಾನೇ ಮಾಯ್ದಿತ್ತು. ಸ್ಟೀರಾಯ್ಡ್ ಕೆಂಪನ್ನು ಇಳಿಸುತ್ತದೆ. ಕೆಂಪು ಅಂದರೆ ದೇಹ ಹೊಡೆದಾಡುತ್ತಿದೆ ಅಂತ. ಹೊಡೆದಾಟ ನಿಂತ ಕೂಡಲೆ ನಮಗೆ ಆರಾಮ ಅನಿಸುತ್ತದೆ, ಒಳಗೆ ಬೂಷ್ಟಿಗೆ ದಾರಿ ಖುಲ್ಲಾ. ಗೋವಿನಜೋಳದ ತಮ್ಮನಿಗೆ ಆದದ್ದು ಅದೇ.

ನಮ್ಮ ದಕ್ಷಿಣ ಭಾರತದಲ್ಲಿ ಕಪ್ಪುಗುಡ್ಡೆ ಹುಣ್ಣಿನಲ್ಲಿ ಬೂಷ್ಟಿನದೇ ದೊಡ್ಡ ಪಾಲು, ಅದರಲ್ಲೂ ಫ್ಯುಸೇರಿಯಂ ಮತ್ತು ಆಸ್ಪರ್ಜಿಲ್ಲಸ್. ಫ್ಯುಸೇರಿಯಂ ಅನ್ನುವುದು ನಮ್ಮ ಕಡಲೆಗೆ ಸೊರಗು ರೋಗ ತರುವ, ಗೋವಿನಜೋಳದ ತೆನೆ ಕೊಳೆಸುವ ಅದೇ ಕುಲದ ಬೂಷ್ಟು. ಸೂಕ್ಷ್ಮದರ್ಶಕದಲ್ಲಿ ಅದರ ಬೀಜ ಪಕ್ಕಾ ಕುಡಗೋಲಿನ ಆಕಾರ. ಬೆಳೆಯ ಮೇಲೆ ಇದ್ದದ್ದು ಎಲೆಯ ಜೊತೆಗೇ ಕಣ್ಣಿಗೆ ಇಳಿಯುತ್ತದೆ.

ಔಷಧಿಯ ಬಗ್ಗೆ ಒಂದು ಮಾತು. ನಟಮೈಸಿನ್ ಹಳೇ ಔಷಧಿ, ಹೊಸ ವೊರಿಕೊನಜೋಲ್ ಡ್ರಾಪ್ಸ್ ಅದಕ್ಕಿಂತ ಮೇಲು ಇರಬಹುದು ಅಂತ ಬಹಳ ಜನ ಅಂದುಕೊಂಡಿದ್ದರು. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ಎರಡನ್ನೂ ಹೋಲಿಸಿ ನೋಡಿದರು. 2013ರಲ್ಲಿ ಫಲಿತಾಂಶ ಬಂದಾಗ ಹಳೇ ನಟಮೈಸಿನ್ನೇ ಗೆದ್ದಿತ್ತು, ಫ್ಯುಸೇರಿಯಂ ವಿಷಯದಲ್ಲಂತೂ ಬಹಳ ಅಂತರದಿಂದ. ಇದೂ ಆಂಫೋಟೆರಿಸಿನ್ನೂ ಎರಡೂ ಮಣ್ಣಿನ ಬ್ಯಾಕ್ಟೀರಿಯಾ ಕೊಟ್ಟ ಔಷಧಿಗಳು. ನಟಮೈಸಿನ್ ದಕ್ಷಿಣ ಆಫ್ರಿಕಾದ ನಟಾಲ್ ಮಣ್ಣಿನಿಂದ, ಇನ್ನೊಂದು ವೆನೆಜುವೆಲಾದ ಒರಿನೋಕೋ ನದಿಯ ಕಡೆಯ ಮಣ್ಣಿನಿಂದ. ರೋಗವೂ ಮಣ್ಣಿಂದ, ಮದ್ದೂ ಮಣ್ಣಿಂದ ಅಂತ ನಮ್ಮ ಲ್ಯಾಬಿನ ಹುಡುಗರಿಗೆ ಹೇಳುತ್ತಿದ್ದೆ.

ಕೂಲಿಯ ಲೆಕ್ಕ ನನಗೂ ಅರ್ಥವಾಗುತ್ತದೆ. ಗೀರಿದ ದಿನವೇ ಶುದ್ಧ ನೀರಿನಿಂದ ತೊಳೆದು, ತಿಕ್ಕದೆ, ಹತ್ತಿರದ ಸರಕಾರಿ ಆಸ್ಪತ್ರೆಗೆ ತೋರಿಸಿದರೆ ಅರ್ಧ ದಿನ ಹೋಗುತ್ತದೆ. ಬಿಳಿ ಚುಕ್ಕೆ ಕಂಡ ಮೇಲೆ ಹೋದರೆ ತಿಂಗಳುಗಳೇ ಹೋಗುತ್ತವೆ. ಯಾರೇ ಡ್ರಾಪ್ಸ್ ಕೊಟ್ಟರೂ "ಇದರಲ್ಲಿ ಸ್ಟೀರಾಯ್ಡ್ ಇದೆಯಾ" ಅಂತ ಕೇಳು. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಸೋನ್ ಅಂತ ಬಾಟಲಿ ಮೇಲಿದ್ದರೆ ಅದೇ.

ಗೋವಿನಜೋಳ

ಭತ್ತದ ತಮ್ಮಾ, ಸಾದಾ ಪ್ಲಾಸ್ಟಿಕ್ ಕನ್ನಡಕ ಸಂತೆಯಲ್ಲಿ ಸಿಗುತ್ತದೆ. ನಾನು ಈಗ ಆಳುಗಳಿಗೂ ಕೊಡುತ್ತೇನೆ. ಮೊದಲ ವರ್ಷ ಹೆಣ್ಣುಮಕ್ಕಳು ನಾಚಿಕೊಂಡರು, ಈಗ ಅವರೇ ಕೇಳಿ ಇಸಿದುಕೊಳ್ಳುತ್ತಾರೆ.

ಕೇಶ್ವಾಪುರ ಅಮ್ಮ

ಓದುತ್ತಾ ನನಗೆ ಭಯ ಆಗುತ್ತಿದೆ. ನನ್ನ ಮಗನಿಗೆ 13 ವರ್ಷ, ಅಸ್ತಮಾ ಇದೆ. ಈ ಮಳೆಗಾಲದಲ್ಲಿ ಪಂಪ್ ಎಷ್ಟು ಹೊಡೆದರೂ ದಮ್ಮು ಇಳಿಯಲಿಲ್ಲ, ಕೆಮ್ಮಿದರೆ ಕಂದು ಬಣ್ಣದ ಗಟ್ಟಿ ಕಫ, ಹುಣಸೆಹಣ್ಣಿನ ಚೂರಿನ ಹಾಗೆ. ಅಲರ್ಜಿ ನೋಡುವ ಐಜಿಇ ರಕ್ತಪರೀಕ್ಷೆ ಮಾಡಿ ಬಹಳ ಜಾಸ್ತಿ ಇದೆ ಅಂದರು, ಎಬಿಪಿಎ ಅಂತ ಹೆಸರು ಹೇಳಿದರು, ಅದೂ ಆಸ್ಪರ್ಜಿಲ್ಲಸ್ ಅಂತೆ. ಮತ್ತೆ ಅವನಿಗೆ ಸ್ಟೀರಾಯ್ಡ್ ಗುಳಿಗೆ ಕೊಟ್ಟಿದ್ದಾರೆ! ಇಲ್ಲಿ ಎಲ್ಲರೂ ಸ್ಟೀರಾಯ್ಡ್ ಕೆಟ್ಟದ್ದು ಅನ್ನುತ್ತಿದ್ದೀರಿ. ನಿಲ್ಲಿಸಿಬಿಡಲಾ?

ಲ್ಯಾಬ್ ಕಾಕಾ

ಬೇಡವ್ವಾ, ಬೇಡ! ನಿಲ್ಲಿಸಬೇಡ. ದಯವಿಟ್ಟು ಎಲ್ಲರೂ ಇದನ್ನು ಸರಿಯಾಗಿ ಓದಿ.

ನಿನ್ನ ಮಗನಿಗೆ ಆಗಿರುವುದು ಬೂಷ್ಟು ಮಾಂಸ ತಿನ್ನುವ ರೋಗ ಅಲ್ಲ. ಅದು ಅಲರ್ಜಿ. ಶ್ವಾಸನಾಳದ ಲೋಳೆಯಲ್ಲಿ ಆಸ್ಪರ್ಜಿಲ್ಲಸ್ ಸುಮ್ನೆ ಕೂತಿರುತ್ತದೆ, ಅದರ ಮೇಲೆ ದೇಹ ವಿಪರೀತ ರೇಗಿಬಿಡುತ್ತದೆ. ಹಾನಿ ಆಗುವುದು ಆ ರೇಗುವಿಕೆಯಿಂದ. ಅದನ್ನು ತಣ್ಣಗೆ ಮಾಡಲೆಂದೇ ಸ್ಟೀರಾಯ್ಡ್ ಕೊಡುವುದು, ಕೆಲವರಿಗೆ ಇಟ್ರಾಕೊನಜೋಲ್ ಅನ್ನುವ ಬೂಷ್ಟಿನ ಮದ್ದನ್ನೂ ಕೊಡುತ್ತಾರೆ. ತಾನಾಗಿ ಫಟ್ ಅಂತ ನಿಲ್ಲಿಸಿದರೆ ದಮ್ಮು ಕೆರಳುವುದಷ್ಟೇ ಅಲ್ಲ, ದೇಹವೇ ಕುಸಿಯಬಹುದು. ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಚಿಕಿತ್ಸೆ ಇಲ್ಲದೆ ಬಿಟ್ಟರೆ ಶ್ವಾಸನಾಳ ಶಾಶ್ವತವಾಗಿ ಅಗಲ ಆಗಿಬಿಡುತ್ತದೆ, ಆಮೇಲೆ ಸರಿ ಮಾಡಲು ಬರುವುದಿಲ್ಲ.

ಒಂದೇ ಬೂಷ್ಟು ಸಾಧನಕೇರಿ ತಂಗಿಯ ಅವ್ವನಿಗೆ ಗುಳಿಯಲ್ಲಿ ಕೂತಿರಬಹುದು, ನಿನ್ನ ಮಗನಿಗೆ ಅಲರ್ಜಿ ತಂದಿದೆ, ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ ಕೆಲವೇ ದಿನದಲ್ಲಿ ಜೀವಕ್ಕೇ ಎರವಾಗುತ್ತದೆ. ಒಬ್ಬರಿಗೆ ಕೊಟ್ಟ ಮದ್ದು ಇನ್ನೊಬ್ಬರಿಗೆ ವಿಷ ಆಗುವುದು ಅದಕ್ಕೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯದ ಶಿಲೀಂಧ್ರಗಳ ಪಟ್ಟಿ ಮೊದಲ ಬಾರಿಗೆ ಮಾಡಿದಾಗ ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್ ಅನ್ನು ಎಲ್ಲಕ್ಕಿಂತ ಮೇಲಿನ ಗುಂಪಿನಲ್ಲಿ ಇಟ್ಟಿತು.

ಕೇಶ್ವಾಪುರ ಅಮ್ಮ

ಅಯ್ಯೋ ದೇವರೇ, ನಾನು ಇವತ್ತು ರಾತ್ರಿಯ ಗುಳಿಗೆ ಕೊಡಬಾರದು ಅಂತ ಇದ್ದೆ. ಈಗಲೇ ಕೊಟ್ಟೆ. ಕೈ ನಡುಗುತ್ತಿದೆ.

ಹಾಸ್ಟೆಲ್ ಹುಡುಗ

ಕಾಕಾ, ನನ್ನದು ಸಣ್ಣ ಪ್ರಶ್ನೆ. ತೊಡೆಸಂದಿಯಲ್ಲಿ ಗಜಕರ್ಣ. ನಮ್ಮ ರೂಮಿನ ನಾಲ್ಕೂ ಜನಕ್ಕೆ ಇದೆ. ಅಂಗಡಿಯ ಟ್ಯೂಬ್ ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ಮಾಯ, ಬಿಟ್ಟರೆ ಡಬಲ್. ವರ್ಷ ಆಯಿತು.

ಲ್ಯಾಬ್ ಕಾಕಾ

ಟ್ಯೂಬಿನ ಹಿಂದೆ ಕ್ಲೋಬೆಟಸೋಲ್ ಅಥವಾ ಬೀಟಾಮೆಥಸೋನ್ ಅಂತ ಇದೆಯಾ ನೋಡು, ಎರಡೂ ಸ್ಟೀರಾಯ್ಡೇ. ಕಣ್ಣಿನ ಕಥೆಯೇ ಚರ್ಮಕ್ಕೂ. 2018ರಲ್ಲಿ ಸರಕಾರ ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ, ಆದರೂ ಸಿಗುತ್ತಲೇ ಇವೆ. ಇದರ ಮೇಲೆ ಈಗ ಟ್ರೈಕೋಫೈಟಾನ್ ಇಂಡೋಟಿನಿಯೆ ಅನ್ನುವ ಹಟಮಾರಿ ಜಾತಿ ನಮ್ಮಲ್ಲಿ ಹರಡಿದೆ, 2020ರಲ್ಲಿ ಆ ಹೆಸರು ಬಂತು. ಬಹಳ ಸಲ ಟರ್ಬಿನಾಫಿನ್ ಅನ್ನುವ ಗಜಕರ್ಣದ ಔಷಧಿಗೆ ಬಗ್ಗುವುದಿಲ್ಲ. ಚರ್ಮದ ಡಾಕ್ಟರಿಗೆ ತೋರಿಸು, ನಾಲ್ಕೂ ಜನ ಒಟ್ಟಿಗೆ ಔಷಧಿ ತಗೊಳ್ಳಿ, ಟವೆಲ್ ಒಳಉಡುಪು ಬೇರೆ ಬೇರೆ ಇಟ್ಟುಕೊಂಡು ಬಿಸಿಲಿಗೆ ಹಾಕಿ. ಕಲೆ ಹೋದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ಮುಂದುವರಿಸಿ.

ಗದಗ ಮೇಷ್ಟ್ರು

ಎಲ್ಲರೂ ಉಸಿರಿನ ಬೂಷ್ಟು, ಕಣ್ಣಿನ ಬೂಷ್ಟು ಹೇಳಿದಿರಿ, ಉಣ್ಣುವ ಬೂಷ್ಟಿನ ಬಗ್ಗೆ ನಾನು ಹೇಳುತ್ತೇನೆ. ಇದು ಸೋಂಕು ಅಲ್ಲ, ವಿಷ. ಆದರೂ ನಮ್ಮ ಕಡೆಗೆ ಬಹಳ ಸಂಬಂಧ ಇದೆ.

ನಮ್ಮ ಅಜ್ಜನ ಮನೆಯ ಅಂಗಳದಲ್ಲಿ ಹಗೇವು ಇತ್ತು. ಸಣ್ಣ ಬಾಯಿ, ಒಳಗೆ ದೊಡ್ಡ ಗುಂಡಿ, ಸುತ್ತ ಹುಲ್ಲು ಕೊಟ್ಟು ಜೋಳ ತುಂಬಿ ಮೇಲೆ ಕಲ್ಲು ಮುಚ್ಚಿ ಮಣ್ಣು ಬಳಿಯುತ್ತಿದ್ದರು. ತೆಗೆಯುವ ದಿನ ಕಲ್ಲು ಸರಿಸಿ ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಒಬ್ಬರು ಇಳಿಯುತ್ತಿದ್ದರು. ಕೆಟ್ಟ ಗಾಳಿ ತುಂಬಿ ಜನ ಸತ್ತದ್ದು ಉಂಟು. ಪಕ್ಕೆಯ ಜೋಳ ನೀರು ಹೀರಿ ಗಡ್ಡೆಗಟ್ಟಿ ಬೂದು ಬಣ್ಣ ಆಗಿರುತ್ತಿತ್ತು, ಘಾಟು ಮೂಗಿಗೆ ಬಡಿಯುತ್ತಿತ್ತು. ಅಜ್ಜಿ ಆ ಭಾಗವನ್ನು ಬೇರೆ ಬುಟ್ಟಿಗೆ ಹಾಕಿಸಿ ತಿಪ್ಪೆಗೆ ಕಳಿಸುತ್ತಿದ್ದಳು. ದನಕ್ಕೂ ಹಾಕಗೊಡುತ್ತಿರಲಿಲ್ಲ.

ಅಜ್ಜಿಯ ಆ ಹಟದ ಬೆಲೆ ನನಗೆ ಆಮೇಲೆ ಗೊತ್ತಾಯಿತು. 1995ರಲ್ಲಿ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದು ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಜೋಳ, ಗೋವಿನಜೋಳ ತೆನೆಯಲ್ಲೇ ಬೂಷ್ಟು ಹಿಡಿದವು. ಬೇರೆ ಕಾಳಿಲ್ಲದ ಬಡವರು ಅದನ್ನೇ ರೊಟ್ಟಿ ಮಾಡಿ ಉಂಡರು. ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ. ಪರೀಕ್ಷಿಸಿದಾಗ ಫ್ಯುಮೊನಿಸಿನ್ ಅನ್ನುವ ವಿಷ ಸಿಕ್ಕಿತು. ಅದನ್ನು ಮಾಡುವುದು ಕಾಕಾ ಹೇಳಿದ ಅದೇ ಫ್ಯುಸೇರಿಯಂ. ಅದಕ್ಕೂ ಮೊದಲು 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ಉಂಡು ಕಾಮಾಲೆ ಬಂದು ನೂರರಷ್ಟು ಜನ ಸತ್ತಿದ್ದರು. ಅದು ಅಫ್ಲಾಟಾಕ್ಸಿನ್, ಆಸ್ಪರ್ಜಿಲ್ಲಸ್ ಫ್ಲೇವಸ್ ಮಾಡುವ ವಿಷ. ನಮ್ಮ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಶೇಂಗಾ ಜಾಸ್ತಿ, ಈ ಬೂಷ್ಟಿಗೆ ಶೇಂಗಾ ಅಂದರೆ ಬಹಳ ಇಷ್ಟ. ಕುದಿಸಿದರೂ ಹುರಿದರೂ ವಿಷ ಪೂರ್ತಿ ಹೋಗುವುದಿಲ್ಲ. ದನ ತಿಂದರೆ ಹಾಲಿಗೂ ಇಳಿಯುತ್ತದೆ. ಮುದುಡಿದ, ಬಣ್ಣ ಕೆಟ್ಟ, ಕಹಿ ಕಾಳು ಬಾಯಿಗೆ ಸಿಕ್ಕರೆ ಉಗುಳಿಬಿಡಿ. ಶೇಂಗಾಚಟ್ನಿಗೆ ಹುರಿಯುವ ಮೊದಲು ಮೊರದಲ್ಲಿ ಹರವಿ ಆರಿಸಿ.

ಬ್ಯಾಡಗಿ ಘಾಟು

ಮೇಷ್ಟ್ರ ಮಾತು ಖರೇ. ಮೆಣಸಿನಕಾಯಿಗೂ ಅದೇ ಫ್ಲೇವಸ್. ಸರಿಯಾಗಿ ಒಣಗದೆ ಚೀಲ ತುಂಬಿದರೆ ಒಳಗೆ ಕಾವು ಹುಟ್ಟಿ, ಕಾಯಿ ಒಡೆದರೆ ಬೀಜದ ಸುತ್ತ ಬೂದು ಪುಡಿ ಹಾರುತ್ತದೆ. ಹೊರಗೆ ನೋಡಿದರೆ ಕೆಂಪು ಫಳಫಳ, ಗೊತ್ತೇ ಆಗುವುದಿಲ್ಲ. ವರ್ಷದ ಖಾರಕ್ಕೆ ತಗೊಳ್ಳುವವರು ಹತ್ತು ಕಾಯಿ ಮುರಿದು ಒಳಗೆ ನೋಡಿ ತಗೊಳ್ಳಿ. ಮಂಡಿಯಲ್ಲಿ ದಿನವಿಡೀ ಆ ಧೂಳಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಬಗ್ಗೆಯೇ ನನಗೆ ಚಿಂತೆ. ಸೆರಗು ಕಟ್ಟಿಕೊಂಡರೆ ಸಾಲದು, ಒಳ್ಳೇ ಮಾಸ್ಕ್ ಕೊಡಿಸಬೇಕು ಅಂತ ನಮ್ಮ ಅಂಗಡಿಯಲ್ಲಿ ನಾನು ಜಗಳ ಆಡಿದ್ದೇನೆ. ಈ ಸಲ ಕೊಡಿಸಿದೆವು.

ಸಾಧನಕೇರಿ ಮಳೆ

ಎಲ್ಲರಿಗೂ ಹದಿನೇಳು ದಿನದ ನಂತರ ಸುದ್ದಿ ಹೇಳುತ್ತಿದ್ದೇನೆ. ಸಿಟಿ ಸ್ಕ್ಯಾನ್ ಆಯಿತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಹಳೇ ಗುಳಿ, ಅದರೊಳಗೆ ನಿಂಬೆಹಣ್ಣಿನ ಗಾತ್ರದ ಉಂಡೆ. ಉಂಡೆಯ ಮೇಲೆ ಚಂದ್ರನ ಕೊರೆಯ ಹಾಗೆ ಗಾಳಿ ಕಾಣುತ್ತದೆ. ಡಾಕ್ಟರು ಅವ್ವನನ್ನು ಬೋರಲು ಮಲಗಿಸಿ ಇನ್ನೊಂದು ಸಲ ತೆಗೆದಾಗ ಉಂಡೆ ಉರುಳಿ ಇನ್ನೊಂದು ಪಕ್ಕಕ್ಕೆ ಬಂದಿತ್ತು. ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು. ಆಸ್ಪರ್ಜಿಲ್ಲಸ್ ಐಜಿಜಿ ಪಾಸಿಟಿವ್, ಸಿಬಿನ್ಯಾಟ್‌ನಲ್ಲಿ ಟಿಬಿ ಇಲ್ಲ. ಸದ್ಯಕ್ಕೆ ಇಟ್ರಾಕೊನಜೋಲ್ ಶುರುವಾಗಿದೆ, ಕಮ್ಮಿ ಅಂದರೂ ಆರು ತಿಂಗಳು ಅಂದಿದ್ದಾರೆ. ಉಸಿರಾಟದ ಶಕ್ತಿ ನೋಡಿಕೊಂಡು ಆಪರೇಷನ್ ಬೇಕಾ ಅಂತ ಆಮೇಲೆ ತೀರ್ಮಾನ. ಲಿವರ್ ಪರೀಕ್ಷೆ ನಡುನಡುವೆ ಮಾಡಿಸಬೇಕು.

ಕಾಕಾ, ಆ ಟಿಬಿ ಗುಳಿಗೆ ಶುರು ಮಾಡಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. ಅದರಲ್ಲಿರುವ ರಿಫಾಂಪಿಸಿನ್ ಜೊತೆ ಇಟ್ರಾಕೊನಜೋಲ್ ಕೊಟ್ಟರೆ ರಕ್ತದಲ್ಲಿ ನಿಲ್ಲುವುದೇ ಇಲ್ಲ ಅಂದರು. ಆಸಿಡಿಟಿ ಗುಳಿಗೆಯನ್ನೂ ನಿಲ್ಲಿಸಿದ್ದಾರೆ, ಅದಿದ್ದರೆ ಈ ಕ್ಯಾಪ್ಸೂಲ್ ಮೈಗೆ ಹತ್ತುವುದಿಲ್ಲವಂತೆ, ಊಟ ಆದ ಕೂಡಲೆ ತಗೊಳ್ಳಬೇಕಂತೆ.

ಗೋಡೆಯಿಂದಲೇ ಬಂತಾ ಅಂತ ಕೇಳಿದ್ದಕ್ಕೆ ಡಾಕ್ಟರು ಹೇಳಿದ್ದು, ಗುಳಿಯೇ ಮುಖ್ಯ ಕಾರಣ, ಬೀಜ ಎಲ್ಲಿಂದ ಬಂತು ಅಂತ ಯಾರೂ ಹೇಳಲಾರರು, ಆದರೂ ಆ ರೂಮಲ್ಲಿ ಮಲಗಿಸಬೇಡಿ ಅಂತ. ಅವ್ವ ಈಗ ಪಡಸಾಲೆಯಲ್ಲಿ ಮಲಗುತ್ತಿದ್ದಾರೆ. ಗೋಡೆ ಏನು ಮಾಡಲಿ?

ಸುಣ್ಣದ ಮನೆ

ಅಕ್ಕಾ, ನಾವು ಮನೆ ಕಟ್ಟುವ ಕೆಲಸದವರು. ಮೊದಲು ನೀರು ಎಲ್ಲಿಂದ ಅಂತ ನೋಡಿ. ನೀವು ಹೇಳಿದ ಹಾಗೆ ಹಂಚು ಮತ್ತು ಆರ್‌ಸಿಸಿ ಕೂಡುವ ಜಾಗ ಇದ್ದರೆ ನೂರಕ್ಕೆ ತೊಂಬತ್ತು ಸಲ ಅಲ್ಲಿಂದಲೇ ಇಳಿಯುತ್ತದೆ. ಅದನ್ನು ಮುಚ್ಚದೆ ಪೇಂಟ್ ಹೊಡೆದರೆ ದುಡ್ಡು ದಂಡ, ಮುಂದಿನ ಮಳೆಗೆ ಬೂಷ್ಟು ಪೇಂಟಿನ ಮೇಲೇ ಬರುತ್ತದೆ. ಮಳೆ ನಿಂತು ಗೋಡೆ ಒಣಗಿದ ಮೇಲೆ ಉಬ್ಬಿದ ಗಿಲಾಯಿ (ಪ್ಲಾಸ್ಟರ್) ಕೆತ್ತಿ ತೆಗೆಸಿ. ಕೆತ್ತುವ ದಿನ ಅವ್ವನವರು ಮನೆಯಲ್ಲೇ ಇರಬಾರದು. ಒಣ ಪೊರಕೆ ಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಕೆಲಸ ಮಾಡುವವರು ಎನ್95 ಮಾಸ್ಕ್ ಹಾಕಿಕೊಳ್ಳಲಿ. ಆಮೇಲೆ ಪ್ಲಾಸ್ಟಿಕ್ ಪೇಂಟ್ ಬೇಡ, ಸುಣ್ಣ ಬಳಿಸಿ. ಸುಣ್ಣದ ಖಾರಕ್ಕೆ ಬೂಷ್ಟು ಬೇಗ ಹಿಡಿಯುವುದಿಲ್ಲ, ಗೋಡೆಯೂ ಉಸಿರಾಡುತ್ತದೆ. ನಮ್ಮ ಹಿರಿಯರು ವರ್ಷಕ್ಕೊಮ್ಮೆ ದೀಪಾವಳಿಗೆ ಸುಣ್ಣ ಹೊಡೆಯುತ್ತಿದ್ದದ್ದರಲ್ಲಿ ಈ ಲಾಭವೂ ಇತ್ತು. ತಿಜೋರಿಯನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ.

ಲ್ಯಾಬ್ ಕಾಕಾ

ಉಂಡೆ ಉರುಳಿದ್ದನ್ನು ಕಣ್ಣಾರೆ ನೋಡಿದಿರಲ್ಲ ತಂಗೀ, ಅದು ಎಲ್ಲರಿಗೂ ಕಾಣಸಿಗುವುದಿಲ್ಲ. ರಕ್ತದ ಮೇಲೆ ಮಾತ್ರ ಕಣ್ಣಿಡು. ಚಮಚಕ್ಕಿಂತ ಜಾಸ್ತಿ ಬಂದರೆ ಯಾರನ್ನೂ ಕೇಳಬೇಡ, ಇಲ್ಲಿ ಬರೆಯುತ್ತಾ ಕೂರಬೇಡ, ಸೀದಾ ಆಸ್ಪತ್ರೆ. ಯಾವ ಪಕ್ಕ ರೋಗ ಇದೆಯೋ ಆ ಪಕ್ಕಕ್ಕೆ, ಅಂದರೆ ಬಲಮಗ್ಗುಲಿಗೆ ಮಲಗಿಸಿ ಕರೆದೊಯ್ಯಿ, ಒಳ್ಳೇ ಶ್ವಾಸಕೋಶಕ್ಕೆ ರಕ್ತ ಇಳಿಯಬಾರದು.

ಸಾಧನಕೇರಿ ಮಳೆ

ಬರೆದಿಟ್ಟುಕೊಂಡೆ ಕಾಕಾ. ಆಸ್ಪತ್ರೆಯ ನಂಬರಿನ ಜೊತೆಗೆ ಬಲಮಗ್ಗುಲು ಅಂತ ದಪ್ಪ ಅಕ್ಷರದಲ್ಲಿ ಬರೆದು ಪಡಸಾಲೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ಇಳಕಲ್ ಸೀರೆ ಬಿಸಿಲಿಗೆ ಹಾಕಲು ಇವತ್ತು ಎರಡು ತಾಸು ಬಿಸಿಲು ಸಿಕ್ಕಿತು, ಅವ್ವ ಒಳಗೆ ಕಿಟಕಿ ಹತ್ತಿರ ಕೂತು ಯಾವುದು ಮೊದಲು ಯಾವುದು ಆಮೇಲೆ ಅಂತ ಹೇಳುತ್ತಿದ್ದರು.